ಗಣಕದೊಳಗೆ ಬೀಸುವ ಗಾಳಿ

2023ನೆಯ ಇಸವಿ ಏಪ್ರಿಲ್ 2ರಂದು ಬೆಳಗ್ಗೆ 7 ಗಂಟೆ 10 ನಿಮಿಷಕ್ಕೆ ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ಕ್ಷೇತ್ರದಿಂದ ನಮ್ಮ ವಾಯುಪಡೆಯ ಚಿನೂಕ್ ಹೆಲಿಕಾಪ್ಟರೊಂದು ಮೇಲೇರಿತು. ಅದರ ಕೆಳಗೆ ರೆಕ್ಕೆಗಳುಳ್ಳ ಪುಟ್ಟ ವಾಹನವೊಂದು ತೂಗುತ್ತಿತ್ತು. ಸಮುದ್ರಮಟ್ಟದಿಂದ 4.5 ಕಿಲೋಮೀಟರ್ ಎತ್ತರದಲ್ಲಿ, ಓಡುದಾರಿ ಇನ್ನೂ 4.6 ಕಿಲೋಮೀಟರ್ ದೂರವಿರುವಾಗ, ಹೆಲಿಕಾಪ್ಟರು ಅದನ್ನು ಬಿಟ್ಟುಕೊಟ್ಟಿತು. ವಾಹನದಲ್ಲಿ ಚಾಲಕನಿರಲಿಲ್ಲ, ಮುಂದಕ್ಕೆ ತಳ್ಳುವ ಎಂಜಿನ್ನೂ ಇರಲಿಲ್ಲ. ಆದರೂ ಅದು ತನ್ನ ದಾರಿಯನ್ನು ತಾನೇ ಹಿಡಿದು 7 ಗಂಟೆ 40 ನಿಮಿಷಕ್ಕೆ ಓಡುದಾರಿಯ ಮೇಲೆ ಇಳಿಯಿತು. ಬಾಹ್ಯಾಕಾಶಕ್ಕೆ ಹೋಗಿ ಮರಳಿ ಬಂದು ಮತ್ತೆ ಬಳಕೆಯಾಗಬಲ್ಲ ವಾಹನಕ್ಕಾಗಿ ಇಸ್ರೋ ಸಂಸ್ಥೆಯವರು ನಡೆಸಿದ ಮೊದಲನೆಯ ಇಳಿಯುವ ಪ್ರಯೋಗ ಇದು. 2024ರ ಮಾರ್ಚ್ 22ರಂದು ಮತ್ತು ಜೂನ್ 23ರಂದು ಇದೇ ಬಯಲಿನಲ್ಲಿ ಇನ್ನೆರಡು ಪ್ರಯೋಗಗಳಾದುವು. ‘ಪುಷ್ಪಕ್’ ಎಂಬ ಹೆಸರಿನ ಆ ವಾಹನವನ್ನು ಮೂರನೆಯ ಸಲ ಬೇಕೆಂದೇ ಓಡುದಾರಿಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಡಲಾಯಿತು. ಅದು ತಿರುಗಿ ಬಂದು ನಡುಗೆರೆಯ ಮೇಲೆಯೇ ಇಳಿಯಿತು.

ಓದುಗರು ಒಂದು ಲೆಕ್ಕವನ್ನು ಗಮನಿಸಬೇಕು. ಚಳ್ಳಕೆರೆಯ ನೆಲವೇ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಆದುದರಿಂದ ವಾಹನ ಕೆಳಗಿಳಿಯಬೇಕಾದದ್ದು ಸುಮಾರು 4 ಕಿಲೋಮೀಟರ್. ಮುಂದೆ ಸಾಗಬೇಕಾದದ್ದು 4.6 ಕಿಲೋಮೀಟರ್. ಹದ್ದು ರೆಕ್ಕೆ ಬಿಚ್ಚಿ ತೇಲುವಂತೆ ತೇಲಿ ಬರುವುದಲ್ಲ ಇದು. ಹೆಚ್ಚುಕಡಮೆ ಬೀಳುವುದೇ ಸರಿ. ಮೊಂಡಾದ ಮೈ, ಗಿಡ್ಡ ರೆಕ್ಕೆ. ಎತ್ತುವ ಬಲ ಕಡಮೆ, ತಡೆಯುವ ಬಲ ಹೆಚ್ಚು. ಹೀಗಾಗಿ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 320 ಕಿಲೋಮೀಟರನ್ನು ಮೀರುತ್ತದೆ. ಪ್ರಯಾಣಿಕ ವಿಮಾನ ಇಳಿಯುವುದು ಸುಮಾರು 260ರಲ್ಲಿ. ಇಳಿಯುವಾಗ ತಪ್ಪಿದರೆ ಮೇಲೆದ್ದು ಮತ್ತೊಂದು ಸುತ್ತು ಹಾಕಿ ಬರಲು ಎಂಜಿನ್ನಿಲ್ಲ. ಗಾಳಿ ಯಾವ ವೇಗದಲ್ಲಿ, ಯಾವ ಕೋನದಲ್ಲಿ, ಎಷ್ಟು ಬಲದಿಂದ ಆ ಮೈಯನ್ನು ಒತ್ತುತ್ತದೆ ಎಂಬುದು ಮೊದಲೇ ತಿಳಿದಿರಲೇಬೇಕು. ಹಾರುವುದಕ್ಕೆ ಮುಂಚೆಯೇ ಅದನ್ನು ತಿಳಿಯುವುದು ಹೇಗೆ?

ಉತ್ತರ ಹೇಳುವ ಮೊದಲು ಆ ಬಯಲಿನ ವಿಷಯವಾಗಿ ಒಂದು ಮಾತು. 2017ರಲ್ಲಿ ಉದ್ಘಾಟನೆಯಾದ ಈ ಪರೀಕ್ಷಾ ಕ್ಷೇತ್ರವೂ ಕುದಾಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೂ ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿವೆ. ಆ ಹುಲ್ಲನ್ನು ನಂಬಿ ಕುರಿ ಸಾಕಿ ಕಂಬಳಿ ನೇಯುತ್ತಿದ್ದ ಹಳ್ಳಿಗರ ಅಹವಾಲು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅದು ಬೇರೊಂದು ಲೇಖನಕ್ಕೆ ತಕ್ಕ ವಿಷಯ. ಆದರೆ ಅಲ್ಲಿ ನಡೆಯುವ ವಿಜ್ಞಾನವನ್ನು ವರ್ಣಿಸುವವರು ಅದನ್ನು ಮರೆಯುವುದು ತರವಲ್ಲ.

ಇನ್ನು ಪ್ರಶ್ನೆಗೆ ಬರೋಣ. ದ್ರವಗಳನ್ನೂ ಅನಿಲಗಳನ್ನೂ ಸೇರಿಸಿ ‘ಪ್ರವಾಹಿ’ ಎನ್ನುವುದುಂಟು. ನೀರು, ಗಾಳಿ, ಹೊಗೆ, ಚಳ್ಳಕೆರೆಯ ಗಿರಣಿಗಳಲ್ಲಿ ಹರಿಯುವ ಕಡಲೆಕಾಯಿ ಎಣ್ಣೆ, ಎಲ್ಲವೂ ಪ್ರವಾಹಿಗಳೇ. ಇವೆಲ್ಲದರ ಚಲನೆಗೂ ಒಂದೇ ಜೋಡಿ ನಿಯಮ. ಹೊಕ್ಕ ದ್ರವ್ಯ ಎಲ್ಲಿಯಾದರೂ ಇರಲೇಬೇಕು, ಇಲ್ಲವೇ ಹೊರಬರಬೇಕು ಎಂಬುದು ಮೊದಲನೆಯದು. ನ್ಯೂಟನ್ನನ ಎರಡನೆಯ ನಿಯಮವೇ ಇನ್ನೊಂದು: ಬಲವಿದ್ದಷ್ಟು ವೇಗ ಬದಲಾಗುತ್ತದೆ. ಫ್ರಾನ್ಸಿನ ಎಂಜಿನಿಯರ್ ನಾವಿಯೇ 1822ರಲ್ಲಿಯೂ ಬ್ರಿಟನ್ನಿನ ಸ್ಟೋಕ್ಸ್ 1845ರಲ್ಲಿಯೂ ಈ ನಿಯಮಗಳಿಗೆ ಸ್ನಿಗ್ಧತೆಯನ್ನು, ಎಂದರೆ ಪ್ರವಾಹಿಯ ಪದರಗಳು ಒಂದನ್ನೊಂದು ಹಿಡಿದೆಳೆಯುವ ಗುಣವನ್ನು, ಸೇರಿಸಿ ಸಮೀಕರಣಗಳ ರೂಪವನ್ನು ಕೊಟ್ಟರು. ಬರೆದರೆ ಎರಡು ಸಾಲು. ಆದರೆ ಅವುಗಳಿಗೆ ಎಲ್ಲ ಸಂದರ್ಭಗಳಲ್ಲಿಯೂ ನಯವಾದ ಪರಿಹಾರವುಂಟೇ ಎಂಬುದನ್ನು ಇದುವರೆಗೂ ಯಾರೂ ಸಿದ್ಧಪಡಿಸಿಲ್ಲ. ಸಿದ್ಧಪಡಿಸಿದವರಿಗೆ ಅಮೆರಿಕದ ಕ್ಲೇ ಗಣಿತ ಸಂಸ್ಥೆಯವರು 2000ನೆಯ ಇಸವಿಯಲ್ಲಿ ಘೋಷಿಸಿದ 10 ಲಕ್ಷ ಡಾಲರ್ ಬಹುಮಾನ ಹಾಗೆಯೇ ಉಳಿದಿದೆ.

ಕಾಗದದ ಮೇಲೆ ಬಿಡಿಸಲಾಗದ್ದನ್ನು ಗಣಕಯಂತ್ರ ಬಿಡಿಸುವುದು ಹೇಗೆ? ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಯನ್ನು ನೆನೆದುಕೊಳ್ಳಿ. ತೇರುಬೀದಿಯನ್ನು ಸುಣ್ಣದ ಗೆರೆಗಳಿಂದ ಚೌಕ ಚೌಕವಾಗಿ ವಿಂಗಡಿಸಿದ್ದೇವೆಂದು ಭಾವಿಸೋಣ. ಪ್ರತಿಯೊಬ್ಬನ ಮುಖವನ್ನೂ ನಾವು ನೋಡಬೇಕಾಗಿಲ್ಲ. ಪ್ರತಿಯೊಂದು ಚೌಕದಲ್ಲಿ ಜನ ಯಾವ ದಿಕ್ಕಿಗೆ ಎಷ್ಟು ವೇಗವಾಗಿ ಸರಿಯುತ್ತಿದ್ದಾರೆ ಎಂಬುದನ್ನು ಬರೆದುಕೊಂಡರೆ ಸಾಕು. ಈಗಾಗಲೇ ಕಿಕ್ಕಿರಿದ ಚೌಕಕ್ಕೆ ಹಿಂದಿನಿಂದ ಹತ್ತು ಜನ ನುಗ್ಗಿದರೆ, ಮುಂದಿನಿಂದಲೋ ಪಕ್ಕದಿಂದಲೋ ಹತ್ತು ಜನ ಹೊರಬೀಳಲೇಬೇಕು. ಅವರನ್ನು ಹೊರಕ್ಕೆ ದೂಡುವ ಆ ನೂಕು ಯಾವುದೋ ಅದೇ ಒತ್ತಡ. ಒಂದು ಚೌಕದ ನೂಕು ಪಕ್ಕದ ಚೌಕಕ್ಕೆ ಮುಟ್ಟುತ್ತದೆ, ಅದರಿಂದ ಇನ್ನೊಂದಕ್ಕೆ. ಎಲ್ಲ ಚೌಕಗಳ ಲೆಕ್ಕವೂ ಹೊಂದುವ ತನಕ ಒತ್ತಡವನ್ನು ಮತ್ತೆ ಮತ್ತೆ ತಿದ್ದಬೇಕು. ಗಣಕದ ತಂತ್ರಾಂಶ ಮಾಡುವುದು ಇದನ್ನೇ. ಅದು ವಾಹನದ ಸುತ್ತಲಿನ ಗಾಳಿಯನ್ನು ಲಕ್ಷ ಲಕ್ಷ ಗೂಡುಗಳಾಗಿ ಒಡೆದು, ಕಾಲವನ್ನೂ ಸಣ್ಣ ಹೆಜ್ಜೆಗಳಾಗಿ ಒಡೆದು, ಒಂದೊಂದು ಹೆಜ್ಜೆಗೂ ಒಂದೊಂದು ಗೂಡಿನ ಜಮಾಖರ್ಚನ್ನು ಬರೆಯುತ್ತದೆ. ಈ ಗೂಡುಗಳ ಸಮೂಹಕ್ಕೆ ಜಾಲವೆಂದು ಹೆಸರು.

ಈ ವಿಚಾರ ಗಣಕಯಂತ್ರಕ್ಕಿಂತ ಹಳೆಯದು. ಲೂಯಿ ಫ್ರೈ ರಿಚರ್ಡ್‌ಸನ್ ಎಂಬಾತ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳ ಗಾಡಿಯನ್ನು ನಡೆಸುತ್ತ, ಬಿಡುವಿನಲ್ಲಿ 1910ರ ಮೇ 20ರ ಹವೆಯನ್ನು ಈ ಕ್ರಮದಿಂದ ಕೈಯಲ್ಲೇ ಲೆಕ್ಕ ಹಾಕಿದ. 6 ಗಂಟೆಗಳ ಹವೆಗೆ 6 ವಾರಗಳ ಲೆಕ್ಕ! ಕೊನೆಗೆ ಬಂದ ಉತ್ತರ, ವಾಯುಭಾರ 145 ಮಿಲಿಬಾರ್ ಏರುವುದೆಂದು. ನಿಜವಾಗಿ ಅಂದು ವಾಯುಭಾರ ಹೆಚ್ಚುಕಡಮೆ ಇದ್ದಲ್ಲೇ ಇತ್ತು. ಆತ ಆ ಸೋಲನ್ನು ಮುಚ್ಚಿಡದೆ 1922ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದ. 64,000 ಜನ ಒಂದೇ ಸಭಾಂಗಣದಲ್ಲಿ ಕುಳಿತು ಲೆಕ್ಕ ಹಾಕಿದರೆ ಹವೆಯ ಜೊತೆಜೊತೆಗೆ ಹೆಜ್ಜೆಯಿಡಬಹುದೆಂದೂ ಕನಸು ಕಂಡ. ದೋಷವಿದ್ದದ್ದು ಸಮೀಕರಣಗಳಲ್ಲಲ್ಲ, ಆರಂಭದಲ್ಲಿ ಕೊಟ್ಟ ಅಂಕಿಗಳಲ್ಲಿ. ಅವುಗಳನ್ನು ಹದಗೊಳಿಸಿ ಪೀಟರ್ ಲಿಂಚ್ ಎಂಬ ವಿಜ್ಞಾನಿ ಆ ಲೆಕ್ಕವನ್ನು ಮತ್ತೆ ಮಾಡಿದಾಗ ಉತ್ತರ ಸಹಜವಾಗಿಯೇ ಬಂದಿತು. ನಮ್ಮ ಅಭಿಪ್ರಾಯದಲ್ಲಿ ವಿಜ್ಞಾನದ ವಿದ್ಯಾರ್ಥಿ ರಿಚರ್ಡ್‌ಸನ್ನನ ಈ ಸೋಲನ್ನು ಹಲವು ಗೆಲವುಗಳಿಗಿಂತ ಮೊದಲು ಓದಬೇಕು.

ಕಾಲದ ಹೆಜ್ಜೆಗೂ ಒಂದು ಕಟ್ಟುಂಟು. ಅದನ್ನು 1928ರಲ್ಲಿ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು ಕಂಡುಕೊಂಡರು: ಸರಳವಾದ ಲೆಕ್ಕದ ಕ್ರಮದಲ್ಲಿ, ಒಂದು ಹೆಜ್ಜೆಯ ಅವಧಿಯಲ್ಲಿ ಪ್ರವಾಹಿ ಒಂದು ಗೂಡಿಗಿಂತ ಹೆಚ್ಚು ದೂರ ದಾಟಬಾರದು. ದಾಟಿದರೆ ಅಂಕಿಗಳು ಹುಚ್ಚೆದ್ದು ಬೆಳೆದು ಲೆಕ್ಕವೇ ಸಿಡಿದುಹೋಗುತ್ತದೆ. ಗಂಟೆಗೆ 320 ಕಿಲೋಮೀಟರ್ ಎಂದರೆ ಸೆಕೆಂಡಿಗೆ 89 ಮೀಟರ್. ಗೂಡಿನ ಅಗಲ 1 ಮಿಲಿಮೀಟರಾದರೆ ಹೆಜ್ಜೆ ಒಂದು ಸೆಕೆಂಡಿನ ಸುಮಾರು ಲಕ್ಷದಲ್ಲೊಂದು ಭಾಗ!

ಹಾಗಾದರೆ ಗೂಡು ಎಷ್ಟು ಚಿಕ್ಕದಿರಬೇಕು? ಇಲ್ಲಿಯೇ ನಿಜವಾದ ತೊಡಕಿರುವುದು. ವೇಗ ಮತ್ತು ಉದ್ದಗಳ ಗುಣಲಬ್ಧವನ್ನು ಸಾಂದ್ರತೆಗೆ ಹೋಲಿಸಿದ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ರೆನಾಲ್ಡ್ಸ್ ಸಂಖ್ಯೆಯನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಅದು ದೊಡ್ಡದಾದಷ್ಟೂ ಹರಿವು ಕ್ಷೋಭೆಗೊಳ್ಳುತ್ತದೆ. ದೊಡ್ಡ ಸುಳಿಯೊಳಗೆ ಚಿಕ್ಕ ಸುಳಿ, ಅದರೊಳಗೆ ಇನ್ನೂ ಚಿಕ್ಕದು. 2016ರ ಮೇ 23ರಂದು ಶ್ರೀಹರಿಕೋಟೆಯಿಂದ ಹಾರಿದ ಇದೇ ಬಗೆಯ ವಾಹನದ ಉದ್ದ 6.5 ಮೀಟರ್. ಆ ಉದ್ದಕ್ಕೆ, ಇಳಿಯುವ ವೇಗದಲ್ಲಿ, ರೆನಾಲ್ಡ್ಸ್ ಸಂಖ್ಯೆ ಸುಮಾರು 4 ಕೋಟಿ. ಅತಿ ಚಿಕ್ಕ ಸುಳಿಯನ್ನೂ ಬಿಡದೆ ಹಿಡಿಯಬೇಕಾದರೆ ಬೇಕಾಗುವ ಗೂಡುಗಳು, ಸ್ಥೂಲ ಲೆಕ್ಕದಲ್ಲಿ, 1ರ ಮುಂದೆ 17 ಸೊನ್ನೆಗಳಷ್ಟು. ಸೆಕೆಂಡಿಗೆ 100 ಕೋಟಿ ಗೂಡುಗಳಂತೆ ಒಮ್ಮೆ ಮುಟ್ಟಿ ಬರುವುದಕ್ಕೇ 3 ವರ್ಷ ಹಿಡಿಯುತ್ತದೆ; ಅಷ್ಟಾದರೆ ಮುಗಿದದ್ದು ಒಂದು ಹೆಜ್ಜೆ ಮಾತ್ರ.

ಆದುದರಿಂದ ಎಂಜಿನಿಯರುಗಳು ಒಪ್ಪಂದಕ್ಕೆ ಬರುತ್ತಾರೆ. ಪ್ರತಿಯೊಂದು ಸುಳಿಯನ್ನೂ ಬೆನ್ನಟ್ಟದೆ ಸರಾಸರಿ ಹರಿವನ್ನು ಮಾತ್ರ ಲೆಕ್ಕ ಹಾಕಿ, ಸುಳಿಗಳ ಪರಿಣಾಮಕ್ಕೆ ಬದಲಾಗಿ ಪ್ರಯೋಗಗಳಿಂದ ಹೊಂದಿಸಿಕೊಂಡ ಸೂತ್ರವೊಂದನ್ನು ಇಡುತ್ತಾರೆ. ಗಾಳಿ ಮೈಗೆ ಅಂಟಿಕೊಂಡು ಹರಿಯುವಲ್ಲಿ ಈ ಸೂತ್ರ ಚೆನ್ನಾಗಿ ನಡೆಯುತ್ತದೆ. ಮೂತಿಯನ್ನು ಮೇಲೆತ್ತಿದಾಗ ಗಾಳಿ ರೆಕ್ಕೆಯನ್ನು ಬಿಟ್ಟು ಸಿಡಿಯುತ್ತದಲ್ಲ, ಅಲ್ಲಿ ಅದರ ಮಾತನ್ನು ಪೂರ್ತಿಯಾಗಿ ನಂಬುವಂತಿಲ್ಲ. ವಾಹನ ಇಳಿಯುವಾಗ ಮೂತಿಯನ್ನು ಮೇಲೆತ್ತಲೇಬೇಕೆಂಬುದು ನೆನಪಿರಲಿ.

ಈ ಕೆಲಸದಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಗಣಕವನ್ನು ಕಟ್ಟಿದರು. ಹಲವು ಸಂಸ್ಕಾರಕಗಳು ಲೆಕ್ಕವನ್ನು ಹಂಚಿಕೊಂಡು ಏಕಕಾಲದಲ್ಲಿ ದುಡಿಯುವ ಗಣಕಗಳಲ್ಲಿ ಅದು ಭಾರತದಲ್ಲಿ ಮೊದಲಿನವುಗಳಲ್ಲೊಂದು; ಹರಿವಿನ ಲೆಕ್ಕಕ್ಕಾಗಿಯೇ ಹುಟ್ಟಿದ್ದೆಂಬುದನ್ನು ಅದರ ಹೆಸರೇ ಹೇಳುತ್ತದೆ. (ನರಸಿಂಹ ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತ ಕನ್ನಡದಲ್ಲಿ ವಿಜ್ಞಾನವನ್ನು ಬರೆದವರು.) ಇನ್ನು ಇಸ್ರೋದ ತಿರುವನಂತಪುರದ ವಿಕ್ರಂ ಸಾರಾಭಾಯಿ ಕೇಂದ್ರದವರು ತಾವೇ ಬರೆದ ಇಂಥ ತಂತ್ರಾಂಶವೊಂದನ್ನು 2024ರಲ್ಲಿ ಪ್ರಕಟಿಸಿದರು, ಅದರ ಹೆಸರು ‘ಪ್ರವಾಹ’. ಸರಾಸರಿ ಹರಿವನ್ನು ಲೆಕ್ಕ ಹಾಕುವ ಮೇಲಿನ ಕ್ರಮವೇ ಅದರದು. ಗಗನಯಾನದ ರಾಕೆಟ್ಟು, ಯಾತ್ರಿಗಳ ಕೋಶ, ಅಪಾಯದಲ್ಲಿ ಅವರನ್ನು ಪಾರುಮಾಡುವ ವ್ಯವಸ್ಥೆ, ಇವುಗಳ ಸುತ್ತಣ ಗಾಳಿಯನ್ನು ಅದರಿಂದ ಪರಿಶೀಲಿಸಿದ್ದಾರೆ.

ಇಷ್ಟಾದ ಮೇಲೆ ಸಿನಿಮಾದ ಮಾತು ಬಂದರೆ ಓದುಗರು ಬೆರಗಾಗಬಾರದು. 2015ರಲ್ಲಿ ತೆರೆಕಂಡ ‘ಬಾಹುಬಲಿ’ಯ ಆ ಮಹಾ ಜಲಪಾತವನ್ನು ನೋಡದವರು ಚಳ್ಳಕೆರೆಯಲ್ಲಿಯೂ ಮೊಳಕಾಲ್ಮೂರಿನಲ್ಲಿಯೂ ವಿರಳ. ಆ ನೀರು ಬಹುಮಟ್ಟಿಗೆ ಗಣಕದೊಳಗೇ ಹರಿದದ್ದು. ಇಂಥ ನೀರಿಗೂ ರೆಕ್ಕೆಯ ಮೇಲಿನ ಗಾಳಿಗೂ ಸಮೀಕರಣ ಒಂದೇ. ಅಷ್ಟೇಕೆ, ವಂಶವೂ ಒಂದೇ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಶಾಲೆಯಲ್ಲಿ ಹಾರ್ಲೋ ಮತ್ತು ವೆಲ್ಚ್ ಎಂಬವರು 1965ರಲ್ಲಿ ನೀರಿನ ಮೇಲ್ಮೈಯನ್ನು ಅನುಸರಿಸುವ ಜಾಲದ ಕ್ರಮವೊಂದನ್ನು ರಚಿಸಿದ್ದರು. 1996ರಲ್ಲಿ ಫಾಸ್ಟರ್ ಮತ್ತು ಮೆಟಾಕ್ಸಾಸ್ ಅದನ್ನೇ ಚಿತ್ರರಚನೆಗೆ ತಂದರು. ಆದರೆ ಚಿತ್ರಕಾರನಿಗೆ ಆ ಚಿಕ್ಕ ಚಿಕ್ಕ ಹೆಜ್ಜೆಗಳು ಬೇಸರ. 1999ರಲ್ಲಿ ಯೋಸ್ ಸ್ಟಾಮ್ ಎಂಬಾತ ಪ್ರಶ್ನೆಯನ್ನೇ ತಿರುಗಿಸಿ ಕೇಳಿದ. ‘ಈ ಗೂಡಿನಲ್ಲಿರುವ ಹೊಗೆ ಮುಂದೆ ಎಲ್ಲಿಗೆ ಹೋಗುತ್ತದೆ’ ಎನ್ನುವ ಬದಲು ‘ಇದು ಎಲ್ಲಿಂದ ಬಂದಿತು’ ಎಂದು ಹಿಂದಕ್ಕೆ ಹುಡುಕಿ, ಅಲ್ಲಿನ ನೆರೆಯ ಗೂಡುಗಳ ಸರಾಸರಿಯನ್ನು ತಂದು ಇಲ್ಲಿ ಇಡುವುದು. ಸರಾಸರಿಯು ತನ್ನ ನೆರೆಹೊರೆಯ ಅಂಕಿಗಳನ್ನು ಮೀರಿ ಬೆಳೆಯಲಾರದಷ್ಟೆ. ಆದುದರಿಂದ ಹೆಜ್ಜೆ ಎಷ್ಟೇ ಉದ್ದವಾಗಲಿ ಲೆಕ್ಕ ಸಿಡಿಯದು. ಇಂದಿನ ಚಲನಚಿತ್ರಗಳ ಹೊಗೆ, ಬೆಂಕಿ, ಮೋಡಗಳಲ್ಲಿ ಬಹುಪಾಲು ಈ ಉಪಾಯಕ್ಕೆ ಋಣಿ.

ಉಪಾಯಕ್ಕೆ ಬೆಲೆಯೂ ಉಂಟು. ಸರಾಸರಿ ತೆಗೆದಾಗಲೆಲ್ಲ ಚೂಪಾದದ್ದು ಮೊಂಡಾಗುತ್ತದೆ; ಚಿಕ್ಕ ಸುಳಿಗಳು ಅಳಿಸಿಹೋಗುತ್ತವೆ. ಗಾಳಿಯು ತನಗಿಂತ ಗಟ್ಟಿಯಾದ ಪ್ರವಾಹಿಯಂತೆ ನಡೆದುಕೊಳ್ಳತೊಡಗುತ್ತದೆ. ಕಡಲೆಕಾಯಿ ಎಣ್ಣೆಯ ಸ್ನಿಗ್ಧತೆ ಸಾಧಾರಣ ಉಷ್ಣತೆಯಲ್ಲಿ ನೀರಿನದಕ್ಕಿಂತ ಸುಮಾರು 60–70 ಪಟ್ಟು. ಎಣ್ಣೆಯ ಡಬ್ಬಿಯಲ್ಲಿ ಸೌಟಾಡಿಸಿದರೆ ಸುಳಿ ಎದ್ದ ಕ್ಷಣವೇ ಸಾಯುವುದನ್ನು ಯಾರಾದರೂ ನೋಡಬಹುದು. ಲೆಕ್ಕದ ಕ್ರಮವೇ ಹೀಗೆ ನೀರಿಗೆ ಕಾಣದ ಎಣ್ಣೆಯನ್ನು ಬೆರೆಸುತ್ತದೆ. ಇದನ್ನು ಹುಸಿ ಸ್ನಿಗ್ಧತೆಯೆನ್ನೋಣ. ಚಿತ್ರಕಾರನು ಅಳಿದ ಸುಳಿಗಳನ್ನು ಕೃತಕವಾಗಿ ಮತ್ತೆ ಎಬ್ಬಿಸಿ ತೃಪ್ತನಾಗುತ್ತಾನೆ. ನೋಡುವವರ ಕಣ್ಣು ಒಪ್ಪಿದರೆ ಅವನ ಕೆಲಸ ಮುಗಿಯಿತು. ಇದರಲ್ಲಿ ಅವಮಾನವೇನೂ ಇಲ್ಲ. ಅವನು ಹೊತ್ತ ಹೊಣೆಯೇ ಅದು. ಆದರೆ ಅದೇ ಹುಸಿ ಸ್ನಿಗ್ಧತೆ ಪುಷ್ಪಕದ ಲೆಕ್ಕದಲ್ಲಿ ಸೇರಿಕೊಂಡರೆ ತಡೆಯುವ ಬಲದ ಅಂಕಿ ತಪ್ಪುತ್ತದೆ, ಇಳಿಯುವ ಜಾಗ ಬದಲಾಗುತ್ತದೆ. ಎರಡು ತಂತ್ರಾಂಶಗಳೂ ತೆರೆಯ ಮೇಲೆ ಮೂಡಿಸುವ ಚಿತ್ರಗಳು ಒಂದೇ ತೆರನಾಗಿ ಸುಂದರವಾಗಿರಬಹುದು. ಒತ್ತಡಕ್ಕೆ ಕೆಂಪು, ನೀಲಿ ಬಣ್ಣ ಬಳಿದ ಚಿತ್ರ ನಿಜವೆಂಬ ಭ್ರಮೆಯನ್ನು ಹುಟ್ಟಿಸುವುದರಲ್ಲಿ ಬಹಳ ಸಮರ್ಥ. ಬಣ್ಣವನ್ನು ನೋಡಿ ಲೆಕ್ಕವನ್ನು ನಂಬುವ ಅಭ್ಯಾಸ ಈಗೀಗ ಕಾಲೇಜುಗಳಲ್ಲಿ ಹರಡುತ್ತಿರುವುದು ನಮಗೆ ಚಿಂತೆಯ ವಿಷಯ.

ಗಾಳಿಯ ಎದುರಿಗಿರುವ ವಸ್ತುವೇ ಬಾಗುವಂಥದಾದರೆ ಕಷ್ಟ ಇಮ್ಮಡಿ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಸೆರಗು ಹಾರುವುದನ್ನು ಗಣಕದಲ್ಲಿ ಬಿಡಿಸಬೇಕೆನ್ನಿ. ಗಾಳಿ ಸೆರಗನ್ನು ತಳ್ಳುತ್ತದೆ. ಸೆರಗು ಹೊಸ ಆಕಾರಕ್ಕೆ ಬಂದು ಗಾಳಿಯ ದಾರಿಯನ್ನು ಬದಲಿಸುತ್ತದೆ. ಬದಲಾದ ಗಾಳಿ ಮತ್ತೆ ಸೆರಗನ್ನು ತಳ್ಳುತ್ತದೆ. ಜರಿಯ ಅಂಚು ಭಾರ, ಮೈ ಹಗುರ. ಎರಡೂ ಒಂದೇ ರೀತಿ ಬಾಗುವುದಿಲ್ಲ. ಪುಷ್ಪಕ್ ನೆಲ ಮುಟ್ಟಿದ ಮೇಲೆ ಬಿಚ್ಚಿಕೊಂಡು ಅದರ ವೇಗವನ್ನು ಗಂಟೆಗೆ ಸುಮಾರು 100 ಕಿಲೋಮೀಟರಿಗೆ ಇಳಿಸುವ ತಡೆಕೊಡೆಯೂ ಬಟ್ಟೆಯೇ. ಅಲ್ಲಿಯೂ ಇದೇ ಸಮಸ್ಯೆ.

ಹಾಗಾದರೆ ಎಂಜಿನಿಯರನ ಲೆಕ್ಕವನ್ನು ಯಾವಾಗ ನಂಬಬೇಕು? ಜಾಲವನ್ನು ಇಮ್ಮಡಿ ಸಣ್ಣಗೆ ಮಾಡಿದಾಗಲೂ ಉತ್ತರ ಕದಲದಿದ್ದರೆ ಒಂದು ಹೆಜ್ಜೆ ನಂಬಬಹುದು. ಗಾಳಿಸುರಂಗದಲ್ಲಿ ಮಾದರಿಯನ್ನಿಟ್ಟು ಅಳೆದ ಬಲಕ್ಕೆ ಹೊಂದಿದರೆ ಇನ್ನೊಂದು ಹೆಜ್ಜೆ. 2016ರ ವಾಹನಕ್ಕಾಗಿ ಗಣಕದ ಹರಿವಿನ ಲೆಕ್ಕ ಸುಮಾರು 5,000 ಗಂಟೆ ನಡೆಯಿತು. ಗಾಳಿಸುರಂಗದ ಪರೀಕ್ಷೆ ಸುಮಾರು 120 ಗಂಟೆ. ಗಣಕ ಅಗ್ಗ, ಸುರಂಗ ದುಬಾರಿ ಎಂಬುದೂ ಈ ಅಂಕಿಗಳಲ್ಲಿ ಕಾಣುತ್ತದೆ. ಅಗ್ಗವೆಂದು ಸುರಂಗವನ್ನು ಕೈಬಿಡಲಿಲ್ಲವೆಂಬುದೂ ಕಾಣುತ್ತದೆ. ಇವೆರಡನ್ನೂ ದಾಟಿದ ಮೇಲೆ ಉಳಿಯುವುದು ಚಳ್ಳಕೆರೆಯ ಓಡುದಾರಿ. ಮೂರನೆಯ ಪ್ರಯೋಗದಲ್ಲಿ ಬಳಸಿದ ರೆಕ್ಕೆಮೈ ಎರಡನೆಯ ಪ್ರಯೋಗದಲ್ಲಿ ಇಳಿದದ್ದೇ. ಏನನ್ನೂ ಬದಲಿಸದೆ ಮತ್ತೆ ಹಾರಿಸಿದರು.

ಈ ಉಪಕರಣಗಳು ದೊಡ್ಡ ಸಂಸ್ಥೆಗಳ ಸೊತ್ತೆಂದು ವಿದ್ಯಾರ್ಥಿಗಳು ಭಾವಿಸಬೇಕಾಗಿಲ್ಲ. ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ‘ಫ್ಲೂಯೆಂಟ್’ನಂಥವುಗಳಿಗೆ ಹಣ ತೆರಬೇಕೆಂಬುದು ನಿಜ. ಆದರೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹುಟ್ಟಿ 2004ರಲ್ಲಿ ಎಲ್ಲರಿಗೂ ಮುಕ್ತವಾದ ‘ಓಪನ್‌ಫೋಮ್’ ಪುಕ್ಕಟೆ ದೊರೆಯುತ್ತದೆ. ಚಿತ್ರರಚನೆಯ ಕಡೆಗೆ ಒಲವಿದ್ದವರಿಗೆ ‘ಬ್ಲೆಂಡರ್’ ಕೂಡ ಹಾಗೆಯೇ. ಸಾಧಾರಣ ಗಣಕವೇ ಸಾಕು.

ಓಪನ್‌ಫೋಮ್ ಜೊತೆಯಲ್ಲಿಯೇ ಬರುವ ಮೊದಲನೆಯ ಅಭ್ಯಾಸ ಒಂದು ಚೌಕಾಕಾರದ ಪೆಟ್ಟಿಗೆ. ಅದರ ಬದಿ 0.1 ಮೀಟರ್, ಮೇಲಿನ ಮುಚ್ಚಳ ಮಾತ್ರ ಸೆಕೆಂಡಿಗೆ 1 ಮೀಟರಿನಂತೆ ಬಲಕ್ಕೆ ಸರಿಯುತ್ತ ಒಳಗಿನ ಪ್ರವಾಹಿಯನ್ನು ಎಳೆದು ಸುತ್ತಿಸುತ್ತದೆ. ಅಲ್ಲಿ ರೆನಾಲ್ಡ್ಸ್ ಸಂಖ್ಯೆ 10, ಗೂಡುಗಳು 20ಕ್ಕೆ 20, ಕಾಲದ ಹೆಜ್ಜೆ 0.005 ಸೆಕೆಂಡು, ಗುಣಿಸಿ ನೋಡಿದರೆ ಒಂದು ಹೆಜ್ಜೆಗೆ ಮುಚ್ಚಳದ ಬಳಿಯ ಪ್ರವಾಹಿ ಸರಿಯಾಗಿ ಒಂದು ಗೂಡನ್ನು ದಾಟುತ್ತದೆ. ಸ್ನಿಗ್ಧತೆಯನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿದರೆ ರೆನಾಲ್ಡ್ಸ್ ಸಂಖ್ಯೆ 100 ಆಗುತ್ತದೆ. ಇದೇ ಪೆಟ್ಟಿಗೆಯ ಲೆಕ್ಕವನ್ನು ಊರ್ಮಿಳಾ ಘಿಯಾ, ಕೆ. ಎನ್. ಘಿಯಾ ಮತ್ತು ಶಿನ್ ಎಂಬ ಮೂವರು 1982ರಲ್ಲಿ ಬಹು ಎಚ್ಚರದಿಂದ ಮಾಡಿ ಕೋಷ್ಟಕವಾಗಿ ಪ್ರಕಟಿಸಿದ್ದಾರೆ. ಅದರಂತೆ 100ರಲ್ಲಿ, ನಡುವಿನ ಲಂಬರೇಖೆಯ ಮೇಲೆ, ತಳದಿಂದ 0.453 ಭಾಗದಷ್ಟು ಎತ್ತರದಲ್ಲಿ ಹಿಮ್ಮುಖ ವೇಗವು ಮುಚ್ಚಳದ ವೇಗದ 0.211 ಭಾಗದಷ್ಟಿರಬೇಕು. 20ಕ್ಕೆ 20ರ ಜಾಲದಲ್ಲಿ ನಿಮಗೆ ಎಷ್ಟು ಬಂದಿತೆಂದು ಬರೆದಿಡಿ. ಅನಂತರ 40ಕ್ಕೆ 40, 80ಕ್ಕೆ 80 ಮಾಡಿ. ಪ್ರತಿ ಸಲವೂ ಕಾಲದ ಹೆಜ್ಜೆಯನ್ನು ಅರ್ಧಕ್ಕೆ ಇಳಿಸಲು ಮರೆಯಬೇಡಿ. ಅಂಕಿ ಕೋಷ್ಟಕದ ಕಡೆಗೆ ಸರಿಯುವುದನ್ನು ನೀವೇ ಕಾಣುವಿರಿ. ಆಮೇಲೆ 1000ಕ್ಕೆ ಹೋಗಿ. ಕೆಳಗಿನ ಎರಡು ಮೂಲೆಗಳಲ್ಲಿಯೂ ಪುಟ್ಟ ಸುಳಿಗಳು ಸ್ಪಷ್ಟವಾಗಿ ತೋರುತ್ತವೆ, ಬಲಗಡೆಯದು ದೊಡ್ಡದು. 3200ರಲ್ಲಿ ಮೇಲಿನ ಎಡಮೂಲೆಯ ಬಳಿ ಇನ್ನೊಂದು ಸುಳಿ ಏಳಬೇಕು. ಏಳದಿದ್ದರೆ ನಿಮ್ಮ ಜಾಲ ಇನ್ನೂ ಒರಟಾಗಿದೆಯೆಂದು ತಿಳಿಯಿರಿ.